ರೂಪಾಯಿಗೆ ನಾಲ್ಕಾಣೆ ಪಾಲು: ಅಥೆನ್ಸ್ ಊರಿನ ಒಂದು ಬ್ಯಾಂಡಿನ ಕಥೆ

ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನ ಓಕೋನಿ ಬೀದಿಯಲ್ಲಿ ಒಂದು ಚರ್ಚಿನ ಗೋಪುರವಿದೆ. ಚರ್ಚು ಇಲ್ಲ. ಇಟ್ಟಿಗೆಯ ಗೋಪುರವೊಂದೇ ಒಂಟಿಯಾಗಿ ನಿಂತಿದೆ. ಕಳೆದ ಒಂದೂವರೆ ವರ್ಷದಿಂದ ತಿಂಗಳಿಗೆ ಎರಡು ಶನಿವಾರವಾದರೂ ನಾನು ಅದರ ಆಸುಪಾಸಿನಲ್ಲಿ ಕಾರು ನಿಲ್ಲಿಸಿಕೊಂಡು ಕುಳಿತಿರುತ್ತೇನೆ. ಪಕ್ಕದ ಕಟ್ಟಡದೊಳಗೆ ನನ್ನ ಮಗ ಡ್ರಮ್ಸ್ ಬಾರಿಸುತ್ತಿರುತ್ತಾನೆ. ಅವನು ಇಲ್ಲಿಯ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಮೂರನೆಯ ವರ್ಷದ ವಿದ್ಯಾರ್ಥಿ. ಅವನ ವಾದ್ಯಗಳು ಹಾಸ್ಟೆಲಿನ ಕೋಣೆಯಲ್ಲಿ ಹಿಡಿಸುವಂಥವಲ್ಲ. ಅವು ಇರುವುದು ನಮ್ಮ ಮನೆಯ ಗ್ಯಾರೇಜಿನಲ್ಲಿ. ಅಟ್ಲಾಂಟಾದ ಹೊರವಲಯದಿಂದ ಅವನ್ನು ಹೇರಿಕೊಂಡು 316ನೆಯ ಹೆದ್ದಾರಿಯಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಕಾರು ಓಡಿಸಿ ಬರುವುದು ಅಪ್ಪನಾದವನ ಪಾಲಿಗೆ ಬಂದ ಕೆಲಸ.

ಕಾಯುವ ಹೊತ್ತಿನಲ್ಲಿ ಮಾಡಲು ಬೇರೇನೂ ಇಲ್ಲದ್ದರಿಂದ ಆ ಗೋಪುರದ ಪೂರ್ವೋತ್ತರವನ್ನು ಕೆದಕತೊಡಗಿದೆ. ಅದು ನನ್ನನ್ನು ಆರ್.ಇ.ಎಂ. ಎಂಬ ಬ್ಯಾಂಡಿನ ಬಳಿಗೆ ಕರೆದೊಯ್ದಿತು. ಊರಿನಲ್ಲಿರುವ ಬಂಧುಗಳು ದೂರವಾಣಿಯಲ್ಲಿ “ಹುಡುಗ ಓದು ಬಿಟ್ಟು ಬ್ಯಾಂಡು ಬಾರಿಸುತ್ತಾನಂತೆ, ಹೌದೇ?” ಎಂದು ಕೇಳತೊಡಗಿರುವುದರಿಂದ ಈ ಕಥೆಯನ್ನು ವಿವರವಾಗಿ ಬರೆಯಬೇಕೆನಿಸಿದೆ.

ಈ ಗೋಪುರ ಸೇಂಟ್ ಮೇರೀಸ್ ಎಪಿಸ್ಕೋಪಲ್ ಚರ್ಚಿನದು. ಪೂಜೆ ನಿಂತುಹೋಗಿ, ಹಾಳುಬಿದ್ದು, ಒಳಗೆ ಬಾಡಿಗೆಯ ಮನೆ ಮಾಡಿದ್ದ ಕಟ್ಟಡ. ವಿದ್ಯಾರ್ಥಿಗಳು ಕಡಿಮೆ ಬಾಡಿಗೆಗೆ ಅಲ್ಲಿ ಇರುತ್ತಿದ್ದರು. 1980ರ ಏಪ್ರಿಲ್ 5ರಂದು ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕಾಗಿ ನಾಲ್ವರು ಹುಡುಗರು ಅಲ್ಲಿ ಮೊದಲ ಬಾರಿಗೆ ಜನರೆದುರು ಬಾರಿಸಿದರು. ಹಾಡುಗಾರ ಮೈಕಲ್ ಸ್ಟೈಪ್ ಚಿತ್ರಕಲೆಯ ವಿದ್ಯಾರ್ಥಿ. ಗಿಟಾರಿನ ಪೀಟರ್ ಬಕ್, ವಕ್ಸ್‌ಟ್ರಿ ಎಂಬ ಧ್ವನಿಮುದ್ರಿಕೆಗಳ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಬೇಸ್ ಗಿಟಾರಿನ ಮೈಕ್ ಮಿಲ್ಸ್ ಮತ್ತು ಡ್ರಮ್ಸ್‌ನ ಬಿಲ್ ಬೆರಿ ಮೇಕನ್ ಊರಿನ ಶಾಲಾಸಹಪಾಠಿಗಳು. ನಾಲ್ವರೂ 20ರಿಂದ 23ರ ನಡುವಿನ ವಯಸ್ಸಿನವರು. ಹೆಸರನ್ನು ನಿಘಂಟಿನ ಪುಟ ತಿರುವಿ ಆರಿಸಿದರು. ನಾಲ್ವರೂ ನನ್ನ ಮಗ ಓದುತ್ತಿರುವ ಇದೇ ವಿಶ್ವವಿದ್ಯಾಲಯವನ್ನು ಅರ್ಧಕ್ಕೇ ಬಿಟ್ಟವರು. ಈ ಕೊನೆಯ ಸಂಗತಿಯನ್ನು ನನಗೆ ಮೊದಲು ತಿಳಿಸಿದವನು ಮಗನೇ. ತಿಳಿಸಿದ ಧಾಟಿಯಲ್ಲೇ ನನಗೆ ಮುಂದಿನದರ ಸೂಚನೆ ಸಿಕ್ಕಿತ್ತು.

ಇಂಡೀ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಕಂಪನಿಗಳ ಹಂಗಿಲ್ಲದೆ, ಸಣ್ಣ ಸ್ವತಂತ್ರ ಸಂಸ್ಥೆಗಳ ಮೂಲಕ ತಮ್ಮ ಹಾಡುಗಳನ್ನು ಹೊರತರುವ ಬ್ಯಾಂಡುಗಳಿಗೆ ಆ ಹೆಸರು. ಆರ್.ಇ.ಎಂ.ನ ಮೊದಲ ಹಾಡು ‘ರೇಡಿಯೊ ಫ್ರೀ ಯುರೋಪ್’ 1981ರಲ್ಲಿ ಹಿಬ್‌-ಟೋನ್ ಎಂಬ ಪುಟ್ಟ ಸಂಸ್ಥೆಯಿಂದ ಬಂದಾಗ ಮೊದಲಿಗೆ ಅಚ್ಚಾದದ್ದು ಒಂದು ಸಾವಿರ ಪ್ರತಿ. ಅದರಲ್ಲಿ 600 ಪ್ರತಿ ಪ್ರಚಾರಕ್ಕೆಂದು ಹಂಚಿಹೋದವು. ಅಂದಿನ ದೊಡ್ಡ ಬಾನುಲಿ ಕೇಂದ್ರಗಳು ಇಂಥವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳೇ ನಡೆಸುವ ಸಣ್ಣ ಕೇಂದ್ರಗಳು ಮಾತ್ರ ಇವರ ಹಾಡನ್ನು ಹಾಕಿದವು. ಒಂದು ಕಾಲೇಜಿನಲ್ಲಿ ಹಾಡು ಕೇಳಿಬಂದರೆ ಆ ಊರಿಗೆ ವ್ಯಾನಿನಲ್ಲಿ ಹೋಗಿ ಬಾರಿಸುವುದು, ಅಲ್ಲಿಂದ ಮುಂದಿನ ಊರು. ನಮ್ಮ ಮೇಳಗಳ ತಿರುಗಾಟವೂ ಹೀಗೆಯೇ ಅಲ್ಲವೇ? ವ್ಯಾನು ಹಳೆಯದು, ಊಟಕ್ಕೆ ತಲೆಗೆ ದಿನಕ್ಕೆ ಎರಡು ಡಾಲರ್ ಭತ್ಯೆ. ಎರಡು ಡಾಲರಿನಲ್ಲಿ ಆ ಕಾಲದಲ್ಲಿಯೂ ಹೊಟ್ಟೆ ತುಂಬುತ್ತಿರಲಿಲ್ಲವೆಂದು ಇಲ್ಲಿಯ ಹಳಬರು ಹೇಳುತ್ತಾರೆ.

ಪ್ರತಿಭೆಯಿದ್ದರೆ ಲೋಕವೇ ಹುಡುಕಿಕೊಂಡು ಬರುತ್ತದೆ ಎಂದು ನಂಬಿದವರಿಗೆ ಇಲ್ಲೊಂದು ತಿದ್ದುಪಡಿ ಬೇಕು. ಬಿಲ್ ಬೆರಿ ಮೇಕನ್ನಿನಲ್ಲಿದ್ದಾಗ ಕಾರ್ಯಕ್ರಮಗಳನ್ನು ಗೊತ್ತುಮಾಡುವ ಏಜೆನ್ಸಿಯೊಂದರಲ್ಲಿ ಚಿಲ್ಲರೆ ಕೆಲಸ ಮಾಡುತ್ತಿದ್ದ. ಅಲ್ಲಿ ಇಯನ್ ಕೋಪ್‌ಲ್ಯಾಂಡ್ ಎಂಬಾತನ ಸ್ನೇಹವಾಯಿತು. ಆತನ ಅಣ್ಣ ಮೈಲ್ಸ್, ಐ.ಆರ್.ಎಸ್. ಎಂಬ ಸ್ವತಂತ್ರ ಸಂಸ್ಥೆಯ ಒಡೆಯ. 1982ರಲ್ಲಿ ಆರ್.ಇ.ಎಂ. ಒಪ್ಪಂದ ಮಾಡಿಕೊಂಡದ್ದು ಅದೇ ಸಂಸ್ಥೆಯೊಂದಿಗೆ. ಪರಿಚಯದ ಬಲ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ.

1983ರಲ್ಲಿ ಮೊದಲ ಪೂರ್ಣ ಆಲ್ಬಂ ‘ಮರ್ಮರ್’ ಬಂದಿತು. ಮೈಕಲ್ ಜಾಕ್ಸನ್ನನ ‘ಥ್ರಿಲ್ಲರ್’ ಲೋಕವನ್ನೇ ಆಳುತ್ತಿದ್ದ ವರ್ಷವದು. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ವರ್ಷದ ಶ್ರೇಷ್ಠ ಆಲ್ಬಂ ಎಂದು ಆರಿಸಿದ್ದು ‘ಮರ್ಮರ್’ ಅನ್ನು. ಅದರ ಮುಂಬದಿಯ ಚಿತ್ರದಲ್ಲಿ ಕುಡ್ಜು ಬಳ್ಳಿ ಮುಸುಕಿದ ಬಯಲಿದೆ. ಮಣ್ಣಿನ ಸವೆತ ತಡೆಯಲೆಂದು ಜಪಾನಿನ ಈ ಬಳ್ಳಿಯನ್ನು ದಕ್ಷಿಣದ ರಾಜ್ಯಗಳಲ್ಲಿ ನೆಟ್ಟರು. ಈಗ ಅದು ಮರ, ಕಂಬ, ಪಾಳುಮನೆಗಳನ್ನೆಲ್ಲ ಮುಚ್ಚಿ ನುಂಗುತ್ತದೆ. ಮಲೆನಾಡಿನಲ್ಲಿ ಲಂಟಾನ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಹಿಂಬದಿಯಲ್ಲಿ ಇದೇ ಊರಿನ ಹಳೆಯ ಮರದ ರೈಲುಸೇತುವೆ. ಸ್ಟೈಪ್‌ನ ಉಚ್ಚಾರಣೆಯಂತೂ ಇಲ್ಲಿ ಹುಟ್ಟಿ ಬೆಳೆದವರಿಗೂ ಅರ್ಥವಾಗುತ್ತಿರಲಿಲ್ಲವಂತೆ. ಇದನ್ನು ಓದಿ ನನಗೆ ಸಮಾಧಾನವಾಯಿತು. ಮೊದಲ ಸಲ ಕೇಳಿದಾಗ ನನ್ನ ಇಂಗ್ಲಿಷಿನ ಮೇಲೆಯೇ ನನಗೆ ಸಂಶಯ ಬಂದಿತ್ತು.

ಐ.ಆರ್.ಎಸ್.ನಿಂದ ಐದು ವರ್ಷಗಳಲ್ಲಿ ಐದು ಆಲ್ಬಂ ಬಂದವು. ಒಂದೊಂದೂ ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚು ಜನರನ್ನು ತಲುಪುತ್ತ ಹೋಯಿತು. 1988ರಲ್ಲಿ ಅವರು ವಾರ್ನರ್ ಬ್ರದರ್ಸ್ ಎಂಬ ದೊಡ್ಡ ಸಂಸ್ಥೆಗೆ ಸೇರಿದಾಗ ಮೊದಲಿನಿಂದ ಕೇಳುತ್ತ ಬಂದ ಕೆಲವರು, ಇವರು ಮಾರಿಕೊಂಡರು ಎಂದು ಮುನಿದರು. ನಾನು ಆ ಮುನಿಸಿನಲ್ಲಿ ಪಾಲುದಾರನಲ್ಲ. ಎಂಟು ವರ್ಷ ವ್ಯಾನಿನಲ್ಲಿ ಅಲೆದವರು ಸ್ವಲ್ಪ ಸುಖ ಕಂಡರೆ ತಪ್ಪೇನು?

ನನಗೆ ಅವರ ಪರಿಚಯವಾದದ್ದು ಇದಾದ ಮೇಲೆ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ. ಉಪಗ್ರಹ ವಾಹಿನಿಗಳು ಆಗಷ್ಟೇ ಬಂದಿದ್ದವು. ‘ಲೂಸಿಂಗ್ ಮೈ ರಿಲಿಜನ್’ ಎಂಬ ಹಾಡು ಕೇಳಿ, ಇವನಾರೋ ಮತಧರ್ಮವನ್ನೇ ಬಿಟ್ಟವನ ಗೋಳು ಎಂದು ನಾವು ತಿಳಿದಿದ್ದೆವು. ಆ ನುಡಿಗಟ್ಟು ಅಮೆರಿಕದ ದಕ್ಷಿಣದವರದು, ತಾಳ್ಮೆ ತಪ್ಪುವುದು, ದಿಕ್ಕುಗೆಡುವುದು ಎಂಬುದು ಅದರ ಅರ್ಥವೆಂದು ತಿಳಿಯಲು ನಾನು ಜಾರ್ಜಿಯಾಕ್ಕೇ ಬಂದು ನೆಲೆಸಬೇಕಾಯಿತು. ಆ ಹಾಡಿನ ಜೀವವಿರುವುದು ಮ್ಯಾಂಡೋಲಿನ್ನಿನಲ್ಲಿ. ಮ್ಯಾಂಡೋಲಿನ್ ಎಂದರೆ ನಮಗೆ ಯು. ಶ್ರೀನಿವಾಸ್. ಪೀಟರ್ ಬಕ್ ಅಂಥ ವಿದ್ವಾಂಸನೇನಲ್ಲ. ಹೊಸದಾಗಿ ಕೊಂಡ ವಾದ್ಯವನ್ನು ಟಿ.ವಿ. ನೋಡುತ್ತ ಕಲಿಯುತ್ತಿದ್ದಾಗ ಕೈಗೆ ಸಿಕ್ಕ ವರಸೆಯದು. ಹಾಡಿನ ದೃಶ್ಯರೂಪವನ್ನು ನಿರ್ದೇಶಿಸಿದವನು ಜಾಲಂಧರದಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. 1991ರ ಎಂ.ಟಿ.ವಿ. ಪ್ರಶಸ್ತಿಗಳಲ್ಲಿ ಅದು ವರ್ಷದ ಶ್ರೇಷ್ಠ ವಿಡಿಯೊ ಆಯಿತು. ಆ ಹಾಡಿದ್ದ ‘ಔಟ್ ಆಫ್ ಟೈಮ್’ ಆಲ್ಬಂ ಅಮೆರಿಕ ಮತ್ತು ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಹನ್ನೊಂದು ವರ್ಷ ಹಿಡಿದ ದಾರಿ ಅದು.

ಮರುವರ್ಷದ ‘ಆಟೊಮ್ಯಾಟಿಕ್ ಫಾರ್ ದಿ ಪೀಪಲ್’ ಆಲ್ಬಮ್ಮಿನ ಹೆಸರು ವೀವರ್ ಡೀಸ್ ಎಂಬ ಇದೇ ಊರಿನ ಖಾನಾವಳಿಯ ಫಲಕದಿಂದ ಬಂದದ್ದು. ಅದರ ಮಾಲೀಕ ಡೆಕ್ಸ್ಟರ್ ವೀವರ್ ಗಿರಾಕಿಗಳಿಗೆ ಹೇಳುತ್ತಿದ್ದ ಮಾತು ಅದು. ಲಕ್ಷಗಟ್ಟಲೆ ಮಾರಾಟವಾದ ಆಲ್ಬಮ್ಮಿಗೆ ಕೋಳಿ ಹುರಿದು ಬಡಿಸುವವನ ಮಾತೇ ಶೀರ್ಷಿಕೆ!

ಇಷ್ಟಾದರೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಯಶಸ್ಸಿನ ಪಟ್ಟಿಯಲ್ಲ, ಅವರು ಹಣ ಬರುವ ಮೊದಲೇ ಮಾಡಿಕೊಂಡ ಒಂದು ಏರ್ಪಾಡು. ಯಾರು ಬರೆದರೂ, ಯಾರು ರಾಗ ಹಾಕಿದರೂ, ಪ್ರತಿ ಹಾಡಿನ ಕೆಳಗೆ ಬೆರಿ, ಬಕ್, ಮಿಲ್ಸ್, ಸ್ಟೈಪ್ ಎಂದು ಅಕಾರಾದಿಯಾಗಿ ನಾಲ್ಕೂ ಹೆಸರು. ರೂಪಾಯಿಗೆ ನಾಲ್ಕಾಣೆಯಂತೆ ನಾಲ್ವರಿಗೂ ಸಮಪಾಲು. ಮುಖ್ಯ ತೀರ್ಮಾನಗಳಿಗೆ ನಾಲ್ವರೂ ಒಪ್ಪಬೇಕು. ಒಬ್ಬ ಬೇಡವೆಂದರೆ ಅದು ಬೇಡ.

ಇದರ ಬೆಲೆ ತಿಳಿಯಬೇಕಾದರೆ ಅಮೆರಿಕದ ಒಂದು ವಿಚಿತ್ರ ಪದ್ಧತಿಯನ್ನು ಅರಿಯಬೇಕು. ಇಲ್ಲಿ ಸಾಮಾನ್ಯ ಬಾನುಲಿ ಕೇಂದ್ರಗಳಲ್ಲಿ ಹಾಡು ಪ್ರಸಾರವಾದಾಗ ಗೌರವಧನ ಸಲ್ಲುವುದು ಹಾಡು ರಚಿಸಿದವರಿಗೆ ಮತ್ತು ಅದರ ಪ್ರಕಾಶಕರಿಗೆ. ಹಾಡಿದವರಿಗೂ ಬಾರಿಸಿದವರಿಗೂ ಕಾಸಿಲ್ಲ. ಆದ್ದರಿಂದ ರಚನೆಯ ಕೆಳಗೆ ಒಬ್ಬಿಬ್ಬರ ಹೆಸರು ಮಾತ್ರ ಇರುವ ಬ್ಯಾಂಡಿನಲ್ಲಿ, ಹಾಡುಗಾರ ಬಂಗಲೆ ಕಟ್ಟಿಸುವಾಗ ಡ್ರಮ್ಸ್‌ನವನು ಬಾಡಿಗೆಮನೆಯಲ್ಲೇ ಉಳಿಯುತ್ತಾನೆ. ಬ್ಯಾಂಡುಗಳು ಒಡೆಯುವುದಕ್ಕೆ ಇದು ಹಳೆಯ ಕಾರಣ. ಆರ್.ಇ.ಎಂ.ನಲ್ಲಿ ಆ ಬಿರುಕಿಗೆ ಅವಕಾಶವೇ ಇರಲಿಲ್ಲ. ಲೋಕವೆಲ್ಲ ಕೇಳಿದ ‘ಎವ್ರಿಬಡಿ ಹರ್ಟ್ಸ್’ ಹಾಡಿನ ಬಹುಭಾಗ ಹೊಳೆದದ್ದು ಡ್ರಮ್ಸ್‌ನ ಬಿಲ್ ಬೆರಿಗೆ. ಆದರೆ ಆ ಹಾಡಿನಲ್ಲಿ ಅವನ ಕೈಗೆ ಹೆಚ್ಚು ಕೆಲಸವೇ ಇಲ್ಲ. ಇಪ್ಪತ್ತು ಡಾಲರಿಗೆ ಕೊಂಡ ಹಳೆಯ ತಾಳಯಂತ್ರವೊಂದು ಟಿಕ್ ಟಿಕ್ ಎನ್ನುತ್ತಿರುತ್ತದೆ. ಬರೆದವನು ಬಾರಿಸಲಿಲ್ಲ. ಪಾಲು ಮಾತ್ರ ಎಂದಿನಂತೆ ನಾಲ್ಕು.

ಇದನ್ನು ಓದಿದ ದಿನ ನನಗೆ ನನ್ನ ಸೋದರಮಾವ ನೆನಪಾದರು. ಸಾಗರದ ಕಡೆಯ ನಮ್ಮ ಊರಿನಿಂದ ಮೇಳಕ್ಕೆ ಮದ್ದಳೆಗಾರರಾಗಿ ಹೋದವರು. ಅವರ ಬೆರಳಿನ ನಾದ ಕೇಳಲೆಂದೇ ರಾತ್ರಿಯಿಡೀ ಕೂರುತ್ತಿದ್ದವರನ್ನು ನಾನು ಬಲ್ಲೆ. ತಿರುಗಾಟ ಮುಗಿದು ಮಳೆಗಾಲಕ್ಕೆ ಮನೆಗೆ ಬರುವಾಗ ಕೈಯಲ್ಲಿರುತ್ತಿದ್ದುದು ಒಂದು ಚೀಲ, ಒಂದಷ್ಟು ಸಾಲ. ಕೈ ನಡುಗತೊಡಗಿದ ಮೇಲೆ ಯಾರೂ ಕರೆಯಲಿಲ್ಲ. “ಮದ್ದಳೆ ಮುಟ್ಟಿದರೆ ನಿನ್ನ ಮಾವನ ಪಾಡೇ ನಿನಗೂ” ಎಂದು ಅಪ್ಪ ನನ್ನ ಕೈಗೆ ಹೊಡೆದದ್ದುಂಟು. ಆ ಮದ್ದಳೆ ಈಗಲೂ ಊರಿನ ಮನೆಯ ಅಟ್ಟದ ಮೇಲಿದೆ. ಮಗ ಐದನೆಯ ವಯಸ್ಸಿನಲ್ಲಿ ಊಟದ ಮೇಜನ್ನು ಬಡಿಯತೊಡಗಿದಾಗ ನನ್ನೊಳಗೆ ಹೆದರಿದ್ದು ಯಾರೆಂದು ಬಂಧುಗಳಿಗೆ ಅರ್ಥವಾಗುತ್ತದೆ.

ಬಿಲ್ ಬೆರಿಯ ಕಥೆ ಬೇರೆಯಾಯಿತು. 1995ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಬಾರಿಸುತ್ತಿದ್ದಾಗಲೇ ಅವನಿಗೆ ಮಿದುಳಿನ ರಕ್ತನಾಳದ ತೊಂದರೆಯಾಗಿ ವೇದಿಕೆ ಬಿಡಬೇಕಾಯಿತು. ಶಸ್ತ್ರಚಿಕಿತ್ಸೆಯಾಗಿ ಬದುಕಿ ಉಳಿದ. ಮತ್ತೆ ಬಂದು ಬಾರಿಸಿದ. ಮರುವರ್ಷ ವಾರ್ನರ್ ಸಂಸ್ಥೆಯೊಂದಿಗೆ ಹೊಸ ಒಪ್ಪಂದವಾಯಿತು. ಅದರ ಮೊತ್ತ ಎಂಟು ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು. ಅದಾದ ಮೇಲೆ, 1997ರ ಅಕ್ಟೋಬರಿನಲ್ಲಿ, ತನಗೆ ಸಾಕೆಂದು ಹೇಳಿ ಅವನು ಹೊರಟುಬಿಟ್ಟ. ತಾನು ಬಿಟ್ಟರೆ ಬ್ಯಾಂಡೇ ಮುಚ್ಚುತ್ತದೆ ಎಂದಾದರೆ ಬಿಡುವುದಿಲ್ಲ ಎಂದೂ ಹೇಳಿದ್ದನಂತೆ. ಉಳಿದ ಮೂವರು ಒಪ್ಪಿ ಕಳುಹಿಸಿಕೊಟ್ಟರು. ಅವನು ಅಥೆನ್ಸ್ ಸಮೀಪದ ತನ್ನ ಜಮೀನಿಗೆ ಹೋಗಿ ಹುಲ್ಲು ಬೆಳೆಯುವ ರೈತನಾದ. ಎಂಟು ಕೋಟಿಯ ಎದುರು ಸಾಕು ಎಂದವನ ಧೈರ್ಯ ದೊಡ್ಡದೋ, ಹೋಗಿ ಬಾ ಎಂದ ಮೂವರದೋ, ನಾನು ತೀರ್ಮಾನಿಸಲಾರೆ.

ಮೂವರಾಗಿ ಅವರು ಇನ್ನೂ ಐದು ಆಲ್ಬಂ ತಂದರು. ಮೂರು ಕಾಲಿನ ನಾಯಿಯೂ ನಾಯಿಯೇ, ಓಡುವ ಬಗೆ ಮಾತ್ರ ಹೊಸದಾಗಿ ಕಲಿಯಬೇಕು ಎಂಬರ್ಥದ ಮಾತನ್ನು ಸ್ಟೈಪ್ ಹೇಳಿದ್ದ. ನನ್ನ ಕಿವಿಗಂತೂ ಆ ಓಟದಲ್ಲಿ ಕುಂಟು ಕೇಳಿಸುತ್ತದೆ. 2004ರ ಆಲ್ಬಮ್ಮನ್ನು ಪೂರ್ತಿ ಕೇಳಲು ನನಗೆ ಸಾಧ್ಯವಾಗಿಲ್ಲ. ಕಡೆಗೆ ಹದಿನೈದು ಆಲ್ಬಂ ಮುಗಿಸಿ, 2011ರ ಸೆಪ್ಟೆಂಬರ್ 21ರಂದು ಒಂದು ಸಣ್ಣ ಪ್ರಕಟಣೆ ಹೊರಡಿಸಿ ಬ್ಯಾಂಡನ್ನು ಮುಚ್ಚಿದರು. ನ್ಯಾಯಾಲಯದ ಮೆಟ್ಟಿಲಿಲ್ಲ, ಕೆಸರೆರಚಾಟವಿಲ್ಲ. ಮತ್ತೆ ಕೂಡಿ ದೇಶ ಸುತ್ತಿ ಹಣ ಮಾಡುವ ಆಸೆಗೂ ಬೀಳಲಿಲ್ಲ. 2024ರ ಜೂನ್‌ನಲ್ಲಿ ಗೀತರಚನೆಕಾರರ ಗೌರವ ಮಂದಿರಕ್ಕೆ ಸೇರ್ಪಡೆಯಾದಾಗ ನಾಲ್ವರೂ ನ್ಯೂಯಾರ್ಕಿನ ವೇದಿಕೆಯ ಮೇಲೆ ಒಂದೇ ಒಂದು ಹಾಡು ಹಾಡಿ ಇಳಿದರು. ಅದು ಮ್ಯಾಂಡೋಲಿನ್ನಿನ ಆ ಹಾಡೇ.

ಇನ್ನು ಗೋಪುರದ ಪಕ್ಕದ ಕಟ್ಟಡದ ವಿಚಾರ. ಚರ್ಚನ್ನು 1990ರಲ್ಲಿ ಕೆಡವಿದರು. ಗೋಪುರ ಈಗ ನೂಚೀಸ್ ಸ್ಪೇಸ್ ಎಂಬ ಸಂಸ್ಥೆಯ ಸುಪರ್ದಿಯಲ್ಲಿದೆ. ಇದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ, ಗಿಟಾರ್ ನುಡಿಸುತ್ತಿದ್ದ ನೂಚಿ ಫಿಲಿಪ್ಸ್ ಖಿನ್ನತೆಯಿಂದ ಬಳಲಿ 1996ರಲ್ಲಿ, 22ರ ವಯಸ್ಸಿನಲ್ಲಿ, ಪ್ರಾಣ ಕಳೆದುಕೊಂಡ. ಅವನ ತಾಯಿ ಮುಂದೆ ನಿಂತು 2000ದಲ್ಲಿ ಈ ಸ್ಥಳವನ್ನು ತೆರೆದರು. ಸಂಗೀತಗಾರರಿಗೆ ಕಡಿಮೆ ಬಾಡಿಗೆಗೆ ಅಭ್ಯಾಸದ ಕೋಣೆಗಳು ಇಲ್ಲಿ ಸಿಗುತ್ತವೆ. ಕೈಗೆಟಕುವ ದರದಲ್ಲಿ ಮನೋವೈದ್ಯರ, ಆಪ್ತಸಲಹೆಗಾರರ ನೆರವೂ ದೊರೆಯುತ್ತದೆ. ಆರೋಗ್ಯ ವಿಮೆಯಿಲ್ಲದ ಕಲಾವಿದನಿಗೆ ಈ ದೇಶದಲ್ಲಿ ವೈದ್ಯರ ಬಾಗಿಲು ಎಷ್ಟು ದೂರವೆಂಬುದು ಇಲ್ಲಿರುವವರಿಗೆ ಗೊತ್ತು. ನನ್ನ ಮಗನಿಗೆ 26 ತುಂಬುವವರೆಗೆ ನನ್ನ ವಿಮೆಯ ನೆರಳಿದೆ. ಮುಂದೇನೆಂದು ನಾನು ಕಾರಿನಲ್ಲಿ ಕುಳಿತು ಲೆಕ್ಕ ಹಾಕುತ್ತಿರುತ್ತೇನೆ.

ಕಳೆದ ವಸಂತದಲ್ಲಿ ಅವನ ಬ್ಯಾಂಡಿಗೆ ಒಂದು ಕರೆ ಬಂದಿತು. ಸ್ವಲ್ಪ ಹೆಸರಿರುವ ಇನ್ನೊಂದು ಬ್ಯಾಂಡಿನ ಜೊತೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಆರು ವಾರಗಳ ತಿರುಗಾಟ. ಅವರಿಗಿಂತ ಮೊದಲು ಅರ್ಧ ಗಂಟೆ ಬಾರಿಸಬೇಕು. ಮನೆಗೆ ಹಿಂದಿರುಗುವ ದಾರಿಯಲ್ಲಿ ಮಗ ಹೇಳಿದ: “ಅಪ್ಪಾ, ಒಂದು ಸೆಮಿಸ್ಟರ್ ಬಿಡೋಣ ಅಂತಿದ್ದೀನಿ.”

ಅವನಿಗೆ ಬರುತ್ತಿರುವ ಹೋಪ್ ವಿದ್ಯಾರ್ಥಿವೇತನ, ರಾಜ್ಯದ ಲಾಟರಿ ಹಣದಿಂದ ನಡೆಯುವಂಥದ್ದು, ಅದಕ್ಕೆ ಅಂಕಗಳ ಕಟ್ಟುಪಾಡಿದೆ, ಎಂದೆಲ್ಲ ಹೇಳಲು ಬಾಯಿ ತೆರೆದವನು ತಡೆದುಕೊಂಡೆ. ಅಪ್ಪ ನನ್ನ ಕೈಗೆ ಹೊಡೆದ ಏಟು ಎಲ್ಲೋ ಚುರುಗುಟ್ಟಿತು. “ನೀವು ನಾಲ್ವರೂ ಒಪ್ಪಿದ್ದೀರಾ?” ಎಂದಷ್ಟೇ ಕೇಳಿದೆ. ಅವನು ಸುಮ್ಮನಾದ.

ಅವರ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವ ಹುಡುಗ ಮೈಸೂರಿನವನು, ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿಗೆ ಎಫ್-1 ವೀಸಾದ ಮೇಲೆ ಬಂದವನು. ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ಹುಡುಗರು ಈ ಭಾಗವನ್ನು ಗಮನವಿಟ್ಟು ಓದಬೇಕು. ಆ ವೀಸಾದಲ್ಲಿರುವವರು ಬೇಸಿಗೆಯ ರಜೆಯಂಥ ಬಿಡುವುಗಳ ಹೊರತು ಪೂರ್ಣಾವಧಿ ಓದುತ್ತಲೇ ಇರಬೇಕು. ಅನುಮತಿಯಿಲ್ಲದೆ ಹೊರಗೆ ಸಂಪಾದನೆಯ ಕೆಲಸ ಮಾಡಿದರೆ ವೀಸಾದ ಸ್ಥಿತಿಗೇ ಕುತ್ತು. ಕ್ಲಬ್ಬಿನಲ್ಲಿ ಬಾರಿಸಿ ಪಡೆದ ಹಣವೂ ಸಂಪಾದನೆಯೇ. ಹಣ ಬೇಡ, ಸುಮ್ಮನೆ ಬಾರಿಸುತ್ತೇನೆ ಎಂದರೂ ಎಲ್ಲ ಸಲ ಪಾರಾಗಲಾಗದು. ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳದೆ ಯಾವ ವೇದಿಕೆಯನ್ನೂ ಹತ್ತಬಾರದು. ಓದು ಬಿಟ್ಟು ವ್ಯಾನು ಹತ್ತುವ ಸ್ವಾತಂತ್ರ್ಯ ಆ ನಾಲ್ವರಿಗಿತ್ತು, ಅವರು ಇಲ್ಲಿಯ ಪ್ರಜೆಗಳು. ನನ್ನ ಮಗನಿಗೂ ಇದೆ, ಇಲ್ಲಿ ಹುಟ್ಟಿದವನು. ಮೈಸೂರಿನ ಹುಡುಗನಿಗಿಲ್ಲ.

ಆ ಬ್ಯಾಂಡಿನ ಹುಡುಗರೂ ಆರ್.ಇ.ಎಂ. ಮಾದರಿಯಲ್ಲಿ, ಒಬ್ಬ ಬೇಡವೆಂದರೆ ಬೇಡ ಎಂದು ಕಾಗದದ ಮೇಲೆ ಬರೆದುಕೊಂಡಿದ್ದರಂತೆ. ಆರು ವಾರಕ್ಕೆ ಬೇರೊಬ್ಬನನ್ನು ಕರೆದುಕೊಂಡು ಹೋಗಬಹುದಿತ್ತು. ಆ ಮಾತೂ ಬಂದಿತ್ತಂತೆ. ಮುಂದಿನ ಶನಿವಾರ ಎರಡು ಗಂಟೆ ಕಾಲ ಆ ಕೋಣೆಯಿಂದ ಯಾವ ಸದ್ದೂ ಕೇಳಲಿಲ್ಲ. ಹೊರಬಂದಾಗ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಮೈಸೂರಿನ ಹುಡುಗ ಬೇಡವೆಂದಿದ್ದ. ತಿರುಗಾಟಕ್ಕೆ ಬೇರೊಂದು ಬ್ಯಾಂಡು ಹೋಯಿತು.

ನನಗೆ ಆದದ್ದು ನೆಮ್ಮದಿ. ಮರೆಮಾಚುವುದಿಲ್ಲ. ನಾನು ಹೇಳಲು ಹಿಂಜರಿದ ಮಾತನ್ನು ಇನ್ನೊಬ್ಬರ ಮಗನ ವೀಸಾ ಹೇಳಿಬಿಟ್ಟಿತಲ್ಲ ಎಂದು ಆ ರಾತ್ರಿ ನಾಚಿಕೆಯೂ ಆಯಿತು. ವಾರದ ಬಳಿಕ ಆ ಹುಡುಗ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಚಿತ್ರಾನ್ನದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಂಕಲ್, ನನ್ನಿಂದ ಅವನಿಗೆ ತುಂಬಾ ಬೇಜಾರಾಗಿದೆಯಾ?” ಎಂದು ಕೇಳಿದ. ಏನು ಹೇಳಲಿ? “ಮೊದಲು ಊಟ ಮಾಡಪ್ಪಾ” ಎಂದೆ. ನನ್ನಾಕೆ ಇನ್ನೊಂದು ಸೌಟು ಬಡಿಸಿದಳು.

ಅವರು ಶನಿವಾರದ ಅಭ್ಯಾಸ ಬಿಟ್ಟಿಲ್ಲ. ಕಳೆದ ವಾರವೂ ನಾನು ಗೋಪುರದ ಬಳಿ ಕಾದಿದ್ದೆ. ಒಳಗೆ ಡ್ರಮ್ಸ್ ಮೊದಲು ಎದ್ದಿತು, ಸ್ವಲ್ಪ ಹೊತ್ತಿಗೆ ಬೇಸ್ ಗಿಟಾರ್ ಕೂಡಿಕೊಂಡಿತು. ಮೈಸೂರಿನ ಹುಡುಗನ ಪದವಿ ಬರುವ ಮೇ ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಅವನು ತನ್ನ ಓದಿಗೆ ಸಂಬಂಧಿಸಿದ ಕೆಲಸ ಹುಡುಕಿಕೊಂಡು ಯಾವ ಊರಿಗೆ ಹೋಗುತ್ತಾನೋ ತಿಳಿಯದು. ಆ ವಿಷಯವನ್ನು ನಾಲ್ವರಲ್ಲಿ ಯಾರೂ ಇನ್ನೂ ಎತ್ತಿಲ್ಲವಂತೆ. ನಾನೂ ಎತ್ತಿಲ್ಲ.